ಕಾರವಾರದಿಂದ ಹೊನ್ನಾವರ: ಹೆದ್ದಾರಿ 66ರ ಬದಿಯ ಕಯಾಕ್ ನೀರು ಹೇಗಿದೆ?

ಕಾರವಾರದಿಂದ ಹೊನ್ನಾವರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 90 ಕಿ.ಮೀ. ಎಲ್ಲೂ ನಿಲ್ಲದೆ ಹೋದರೆ ಎರಡು ತಾಸಿನ ದಾರಿ. ಅಷ್ಟರೊಳಗೆ ನಾಲ್ಕು ಹೊಳೆಗಳು ಕಡಲು ಸೇರುತ್ತವೆ: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ನಡುವೆ ಗೋಕರ್ಣದ ಬಂಡೆಗಲ್ಲಿನ ಕಡಲತೀರ. ತೆರೆ ಇಲ್ಲದ ಹಿನ್ನೀರು, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಿರುಗಾಲುವೆ, ನಡುಗಡ್ಡೆಗಳ ಮರೆಯಲ್ಲಿರುವ ಕೊಲ್ಲಿ, ಬಂಡೆಗೆ ಬಡಿಯುವ ತೆರೆದ ಕಡಲು ಎಲ್ಲವೂ ಒಂದೇ ಹೆದ್ದಾರಿಯ ಬಗಲಿನಲ್ಲಿ ಸಿಗುವುದು ಅಪರೂಪ.

ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ, ನೀರಿಗೆ ಪೂರ್ತಿ ಅಂಕ, ದಾರಿಗೆ ಮುಕ್ಕಾಲು, ಕಯಾಕ್ ಎಂಬ ಹುಟ್ಟುದೋಣಿಯ ಬಾಡಿಗೆ ವ್ಯವಸ್ಥೆಗೆ ಅರ್ಧ. ಅರ್ಧ ಅಂಕ ಕಳೆಯುವುದು ಒಂದೇ ಕಾರಣಕ್ಕೆ. ಗಡಿಯಾರ ನೋಡಿ ಕಯಾಕ್ ಕೊಡುವವರು ಬಹಳ, ಭರತ ಇಳಿತ (ಕಡಲಿನ ನೀರು ಏರುವುದು, ಇಳಿಯುವುದು) ನೋಡಿ ಕೊಡುವವರು ಕಡಿಮೆ. ಈ ಕರಾವಳಿಯಲ್ಲಿ ಒಂದೇ ಜಾಗ ಬೆಳಿಗ್ಗೆ ಏಳಕ್ಕೆ ಮಕ್ಕಳೂ ತೇಲಬಹುದಾದ ಕೆರೆಯಂತಿದ್ದು, ಮಧ್ಯಾಹ್ನ ಒಂದಕ್ಕೆ ಮೊಣಕಾಲುದ್ದ ಕೆಸರಾಗಿರುತ್ತದೆ. ಆದ್ದರಿಂದ ಹೋಟೆಲ್ ಕಾದಿರಿಸುವ ಮುಂಚೆ ಪಂಚಾಂಗ ನೋಡಬೇಕು.

ಪಂಚಾಂಗ ಎಂದದ್ದು ಮಾತಿನ ಅಲಂಕಾರಕ್ಕಲ್ಲ. ಇಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಎರಡು ಭರತಗಳ ಎತ್ತರ ಒಂದೇ ಸಮ ಇರುವುದಿಲ್ಲ. ಪ್ರತಿ ದಿನವೂ ಸಮಯ ಸರಾಸರಿ 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ದಿನಗಳಲ್ಲಿ ಭರತದ ತುದಿ ಹೆಚ್ಚುಕಡಿಮೆ ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ ಬೀಳುತ್ತದೆ. ಆಗ ಏರಿಳಿತವೂ ಹೆಚ್ಚು, ಎರಡು ಮೀಟರಿನ ಹತ್ತಿರ. ಸೆಳೆತವೂ ಅದಕ್ಕೆ ತಕ್ಕಂತೆ ಜೋರು. ಅದೇ ಲೆಕ್ಕದಲ್ಲಿ ಹಿಂದೆ ಮುಂದೆ ಎಣಿಸಿದರೆ ದಶಮಿ, ಏಕಾದಶಿಯ ಆಸುಪಾಸಿನಲ್ಲಿ ಭರತ ಬೆಳಿಗ್ಗೆ ಆರರಿಂದ ಎಂಟರೊಳಗೆ ಬರುತ್ತದೆ. ನೀರು ತುಂಬಿರುತ್ತದೆ, ಸೆಳೆತ ಸಣ್ಣದು, ಬಿಸಿಲು ಇನ್ನೂ ಏರಿರುವುದಿಲ್ಲ. ಕಯಾಕ್ ಪ್ರವಾಸಕ್ಕೆ ಏಕಾದಶಿಯ ಹಿಂದಿನ ದಿನ ಹೊರಟು ಮೂರು ದಿನ ಇಟ್ಟುಕೊಳ್ಳುವುದು ಈ ಕರಾವಳಿಯ ಮಟ್ಟಿಗೆ ಒಳ್ಳೆಯ ಲೆಕ್ಕ. ಇದು ಅಂದಾಜು ಮಾತ್ರ. ನಿಖರ ಸಮಯಕ್ಕೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಪ್ರಕಟಿಸುವ ಉಬ್ಬರವಿಳಿತದ ಪಟ್ಟಿ ನೋಡಬೇಕು. ತೆರೆಯ ಎತ್ತರದ ಮುನ್ಸೂಚನೆಯನ್ನೂ ಅವರೇ ಕೊಡುತ್ತಾರೆ. ಪಟ್ಟಿಯ ಸಮಯ ಕಡಲ ದಂಡೆಯದು. ಹೊಳೆಯೊಳಗೆ ಹೋದಷ್ಟೂ ಭರತ ತಡವಾಗಿ ಮುಟ್ಟುತ್ತದೆ. ಅಳಿವೆಯಿಂದ ಕೆಲವೇ ಕಿಲೋಮೀಟರ್ ಒಳಗೆ ಅರ್ಧ ತಾಸಿನ ವ್ಯತ್ಯಾಸ ಮಾಮೂಲು.

ಇನ್ನೊಂದು ಲೆಕ್ಕ ನೆನಪಿನಲ್ಲಿರಲಿ. ಭರತದ ತುದಿಯಿಂದ ಇಳಿತದ ತುದಿಗೆ ಸುಮಾರು ಆರು ತಾಸು. ಆದರೆ ನೀರು ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಒಟ್ಟು ಇಳಿಯುವ ನೀರನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ತಾಸಿನಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಮೂರನೆಯ ಮತ್ತು ನಾಲ್ಕನೆಯ ತಾಸಿನಲ್ಲೇ ಅರ್ಧ ನೀರು ಓಡಿಹೋಗುತ್ತದೆ. ಹೊಸಬರು ಹುಟ್ಟು ಹಾಕುವ ವೇಗ ತಾಸಿಗೆ ಮೂರು ಕಿ.ಮೀ., ಪಳಗಿದವರದು ನಾಲ್ಕೈದು. ಅಳಿವೆಯ ಕಿರಿದಾದ ಬಾಯಿಯಲ್ಲಿ ಆ ಎರಡು ತಾಸಿನ ಸೆಳೆತ ಹೊಸಬರ ವೇಗವನ್ನು ಸುಲಭವಾಗಿ ಮೀರುತ್ತದೆ. ಹುಟ್ಟು ಎಷ್ಟು ಹಾಕಿದರೂ ದಡದ ತೆಂಗಿನ ಮರ ಅಲ್ಲೇ ನಿಂತಿದ್ದರೆ ಕಾರಣ ಇದು. ಆಗ ನಡುನೀರು ಬಿಟ್ಟು ದಡದ ಅಂಚಿಗೆ ಸರಿಯಬೇಕು, ಅಲ್ಲಿ ಸೆಳೆತ ಕಡಿಮೆ.

ಗಾಳಿಯ ಮಾತು ಇನ್ನೂ ಮುಖ್ಯ, ಏಕೆಂದರೆ ಅದು ಕಣ್ಣಿಗೆ ಮೋಸ ಮಾಡುತ್ತದೆ. ನವೆಂಬರಿನಿಂದ ಫೆಬ್ರವರಿಯ ತನಕ ಬೆಳಗಿನ ಹೊತ್ತು ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತದೆ. ದಂಡೆಯ ಹತ್ತಿರ ನೀರು ಕನ್ನಡಿಯ ಹಾಗೆ ಕಾಣುವುದು ಅದಕ್ಕೇ; ಗಾಳಿ ನಮ್ಮ ಬೆನ್ನ ಹಿಂದಿರುತ್ತದೆ. ಹೊರಗೆ ಹೋಗುವುದು ಹಗುರ, ಮರಳುವಾಗ ಗಾಳಿ ಎದೆಗೆ. ಹೊಳೆಯ ಕಣಿವೆಗಳ ಬಾಯಲ್ಲಿ ಈ ಗಾಳಿ ಇನ್ನಷ್ಟು ಬಿಗಿ. ಹತ್ತು ಹನ್ನೊಂದರ ಹೊತ್ತಿಗೆ ಅದು ಸತ್ತು, ಮಧ್ಯಾಹ್ನ ವಾಯುವ್ಯದಿಂದ ಕಡಲಗಾಳಿ ಏಳುತ್ತದೆ, ಮೂರು ಗಂಟೆಗೆ ಬಿಳಿ ನೊರೆ. ಹೀಗಾಗಿ ಕಡಲಿಗಿಳಿಯುವವರು ಮೊದಲು ಗಾಳಿಗೆ ಎದುರಾಗಿ ಹೋಗಿ ಗಾಳಿಯ ಜೊತೆ ಮರಳುವ ಹಾಗೆ ದಾರಿ ಹಾಕಬೇಕು. ಅದಾಗದಿದ್ದರೆ ದಂಡೆಗೆ ಸಮನಾಗಿ, ಈಜಿ ಮುಟ್ಟುವಷ್ಟು ದೂರದಲ್ಲೇ ಹೋಗಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕಡಲಗಾಳಿ ಬೇಗ ಏಳುತ್ತದೆ, ಒಂಬತ್ತಕ್ಕೆಲ್ಲ ದಡದಲ್ಲಿರುವುದು ಕ್ಷೇಮ. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಪ್ರವಾಸವೇ ಬೇಡ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳೇ ಮೀನುಗಾರಿಕೆ ನಿಲ್ಲಿಸಿರುತ್ತವೆ. ನೆರವಿಗೆ ಕರೆದರೆ ಬರುವ ದೋಣಿಯೂ ಸಿಗುವುದಿಲ್ಲ.

ಕಾಳಿ ಮತ್ತು ಕಾರವಾರದ ಕೊಲ್ಲಿ

ಶುರುಮಾಡಲು ಕಾಳಿ ಒಳ್ಳೆಯ ಹೊಳೆ. ಕೋಡಿಬಾಗ ದಡದಿಂದ ಇಳಿದು ಸೇತುವೆಯಿಂದ ಮೇಲಕ್ಕೆ, ಭರತ ಏರುತ್ತಿರುವಾಗ ಅದರ ಜೊತೆ ಹೋಗಿ, ನೀರು ತಿರುಗಿದ ಮೇಲೆ ಅದರ ಜೊತೆಗೇ ಮರಳಿದರೆ ಎರಡು ತಾಸಿನ ಸುಖದ ಸುತ್ತು. ಭರತದ ತುದಿಗೆ ಒಂದು ತಾಸು ಮೊದಲು ಇಳಿಯುವುದು ಸರಿ. ಸದಾಶಿವಗಡದ ಗುಡ್ಡ ಎಡಕ್ಕೂ ಘಟ್ಟದ ಸಾಲು ಎದುರಿಗೂ ಇರುತ್ತದೆ. ಹೊಳೆಯ ಅಗಲ ಇಲ್ಲಿ ಅರ್ಧ ಕಿ.ಮೀ.ಗೂ ಹೆಚ್ಚು. ನಟ್ಟನಡುವೆ ಹೋಗುವುದರಿಂದ ಏನೂ ಲಾಭವಿಲ್ಲ, ದಡದ ಕಾಂಡ್ಲಾ ಗಿಡಗಳ ಅಂಚಿನಲ್ಲೇ ಹಕ್ಕಿ, ಏಡಿ, ನೆರಳು ಎಲ್ಲ ಇರುವುದು.

ಸೇತುವೆಯ ಕಂಬಗಳ ಹತ್ತಿರ ಎಚ್ಚರ. ಇಲ್ಲಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ರಾತ್ರಿ ಕುಸಿದು ಬಿತ್ತು. ಕುಸಿದ ರಚನೆ ಇದ್ದ ಕಡೆ ನೀರಿನಡಿ ಏನಿರಬಹುದೆಂದು ಮೇಲಿನಿಂದ ತಿಳಿಯದು. ಯಾವುದೇ ಕಂಬದ ಎದುರು ಸೆಳೆತ ಕಯಾಕನ್ನು ಅಡ್ಡಲಾಗಿ ಒತ್ತಿ ಹಿಡಿಯುತ್ತದೆ, ಹಿಂಬದಿಯಲ್ಲಿ ಸುಳಿ. ಎರಡು ಕಂಬಗಳ ಸರಿನಡುವಿನಿಂದ, ಕಯಾಕಿನ ಮೂತಿ ನೇರವಾಗಿಟ್ಟುಕೊಂಡು, ಹುಟ್ಟು ನಿಲ್ಲಿಸದೆ ದಾಟಬೇಕು. ಅಕಸ್ಮಾತ್ ಕಂಬಕ್ಕೆ ತಾಗಿದರೆ ದೇಹವನ್ನು ಕಂಬದ ಕಡೆಗೇ ವಾಲಿಸಬೇಕು. ಹೆದರಿ ಆಚೆ ವಾಲಿದರೆ ನೀರು ಅಂಚಿನ ಮೇಲೆ ಹತ್ತಿ ಮಗುಚುತ್ತದೆ.

ಕೊಲ್ಲಿಯ ಕಡೆ ನೋಡಿದರೆ ಕೂರ್ಮಗಡ ನಡುಗಡ್ಡೆ, ದೇವಗಡದ ದೀಪಸ್ತಂಭ ಕೈಗೆಟುಕುವಂತೆ ಕಾಣುತ್ತವೆ. ಕಡಲಿನ ಮೇಲೆ ದೂರದ ಅಂದಾಜು ಯಾವಾಗಲೂ ಕಡಿಮೆಯೇ ಬರುತ್ತದೆ. ಬಾಡಿಗೆಯ ಅಗಲ ತಳದ ಕಯಾಕಿನಲ್ಲಿ ಕೂರ್ಮಗಡಕ್ಕೆ ಒಬ್ಬರೇ ಹೋಗುವ ಮಾತು ಬೇಡ. 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ಯಂತ್ರದ ದೋಣಿಯೇ ಇಲ್ಲಿ ಮಗುಚಿ ಹಲವರ ಜೀವ ಹೋಗಿದೆ. ಜೊತೆಗೆ ಯಂತ್ರದೋಣಿ, ದಾರಿ ಬಲ್ಲ ಅಂಬಿಗ, ಬೆಳಿಗ್ಗೆ ಆರೂವರೆಗೆ ಹೊರಡುವ ಶಿಸ್ತು ಮೂರೂ ಇದ್ದರೆ ಮಾತ್ರ ಆ ಯೋಚನೆ. ಅದಿಲ್ಲದವರಿಗೆ ದೇವಬಾಗದ ಮರಳ ನಾಲಗೆಯ ಒಳಬದಿ ಸಾಕು. ಗಾಳಿಮರಗಳ ಮರೆ ಇದೆ, ಅಳಿವೆಯ ಬಾಯಿಗೆ ಹೋಗದೆ ಒಳಗೇ ತಿರುಗಬಹುದು.

ದಕ್ಷಿಣಕ್ಕೆ ಬೈತಖೋಲ ಬಂದರು, ಅದರಾಚೆ ನೌಕಾನೆಲೆ. 2005ರಲ್ಲಿ ಕಾರ್ಯಾರಂಭ ಮಾಡಿದ ಐಎನ್‌ಎಸ್ ಕದಂಬ ಇರುವ ಈ ನೀರಿನಲ್ಲೂ ಅಂಜದೀವ ದ್ವೀಪದ ಸುತ್ತಲೂ ಕಯಾಕ್, ಡ್ರೋನ್, ಕ್ಯಾಮರಾ ಯಾವುದೂ ನಡೆಯದು. ಕಾರವಾರದಿಂದ ಕಡಲ ಮಾರ್ಗವಾಗಿಯೇ ಗೋಕರ್ಣ ಮುಟ್ಟುವ ಆಸೆ ಇದ್ದವರು ಅದನ್ನು ಇಲ್ಲೇ ಬಿಟ್ಟು ಕಾರು ಹತ್ತಬೇಕು.

ಬಾಡಿಗೆ ಕಯಾಕ್ ಒಪ್ಪುವ ಮುಂಚೆ

ಇಲ್ಲಿ ಸಿಗುವುದು ಹೆಚ್ಚಾಗಿ ಮೇಲೆ ಕೂರುವ ಬಗೆಯ ಪ್ಲಾಸ್ಟಿಕ್ ಕಯಾಕ್. ಒಂಟಿ ಕಯಾಕ್ ಸುಮಾರು ಮೂರು ಮೀಟರ್ ಉದ್ದ, 20ರಿಂದ 30 ಕಿಲೋ ತೂಕ. ತಳದಿಂದ ಮೇಲಕ್ಕೆ ಆರ್‌ಪಾರ್ ತೂತುಗಳಿರುತ್ತವೆ, ಒಳಗೆ ಬಿದ್ದ ನೀರು ಅವುಗಳ ಮೂಲಕ ತಾನಾಗಿಯೇ ಇಳಿಯುತ್ತದೆ. ಈ ಕರಾವಳಿಗೆ ಇದೇ ಸರಿಯಾದ ಆಯ್ಕೆ. ಮಗುಚಿದರೂ ನೀರು ತುಂಬದು, ಮತ್ತೆ ಹತ್ತಬಹುದು. ತೊಂದರೆ ಬರುವುದೂ ಆ ತೂತುಗಳ ಬುಡದಲ್ಲೇ. ಮರಳಿನ ಮೇಲೆ ಎಳೆದಾಡಿ ತೂತಿನ ಅಂಚು ಸವೆದು ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತದೆ, ಅಲ್ಲಿಂದ ನೀರು ಹೊಟ್ಟೆಯೊಳಗೆ ಸೇರುತ್ತದೆ. ಮೊದಲ ಅರ್ಧ ತಾಸು ಏನೂ ಗೊತ್ತಾಗುವುದಿಲ್ಲ. ಆಮೇಲೆ ಕಯಾಕ್ ಭಾರವಾಗುತ್ತದೆ, ತಿರುಗಿಸಲು ಬಗ್ಗದು, ಪಕ್ಕಕ್ಕೆ ವಾಲಿದರೆ ಒಳಗಿನ ನೀರೂ ಅತ್ತಲೇ ಓಡಿ ಮಗುಚುತ್ತದೆ. ಪರೀಕ್ಷೆ ಸರಳ: ಒಂದು ತುದಿ ಎತ್ತಿ ಅಲುಗಿಸಿ ಕೇಳಿ, ಒಳಗೆ ಬುಳುಬುಳು ಸದ್ದು ಬಂದರೆ ಬೇರೆಯದು ಕೇಳಿ. ಹಿಂಬದಿಯ ನೀರು ತೆಗೆಯುವ ಬಿರಡೆ ಇದೆಯೋ, ರಬ್ಬರ್ ವಾಷರ್ ಇದೆಯೋ ನೋಡಿ. ಬಿರಡೆಯ ಬದಲು ಪ್ಲಾಸ್ಟಿಕ್ ಚೀಲದ ಗಂಟು ತುರುಕಿದ್ದು ಕಂಡರೆ ಆ ಕಯಾಕ್ ದಡದಲ್ಲೇ ಇರಲಿ.

ಹುಟ್ಟಿನ ಉದ್ದ ಅಗಲ ತಳದ ಕಯಾಕಿಗೆ 230ರಿಂದ 240 ಸೆಂ.ಮೀ. ಇರಬೇಕು. ಗಿಡ್ಡ ಹುಟ್ಟಿನಲ್ಲಿ ಗೆಣ್ಣು ಕಯಾಕಿನ ಅಂಚಿಗೆ ಉಜ್ಜಿ ಚರ್ಮ ಕಿತ್ತುಬರುತ್ತದೆ. ಎರಡು ತುಂಡಿನ ಹುಟ್ಟಾದರೆ ನಡುವಿನ ಗುಂಡಿ ಪೂರ್ತಿ ಹೊರಬಂದಿದೆಯೋ ಎಂದು ತಿರುಚಿ ನೋಡಿ. ಉಪ್ಪು ಹಿಡಿದು ಗುಂಡಿ ಅರ್ಧಕ್ಕೇ ನಿಲ್ಲುವುದುಂಟು. ನೀರಿನ ನಡುವೆ ಹುಟ್ಟು ಎರಡಾಗುವುದು ಹೀಗೆ.

ಜೀವರಕ್ಷಕ ಅಂಗಿಯ ವಿಷಯದಲ್ಲಿ ಒಪ್ಪಂದವೇ ಬೇಡ. ಎಲ್ಲ ಪಟ್ಟಿ ಬಿಗಿದ ಮೇಲೆ ಇನ್ನೊಬ್ಬರು ಹೆಗಲ ಬಳಿ ಹಿಡಿದು ಮೇಲಕ್ಕೆ ಎಳೆಯಲಿ. ಅಂಗಿ ಕಿವಿಯ ತನಕ ಬಂದರೆ ಅದು ದೊಡ್ಡದಾಯಿತು, ನೀರಿಗೆ ಬಿದ್ದಾಗ ತಲೆಯಿಂದಲೇ ಕಳಚಿಕೊಳ್ಳುತ್ತದೆ. ಒಳಗಿನ ಫೋಮನ್ನು ಬೆರಳಿನಿಂದ ಒತ್ತಿ ಬಿಡಿ. ಒತ್ತಿದ ಗುಳಿ ಹಾಗೇ ಉಳಿದರೆ ಫೋಮ್ ಸತ್ತಿದೆ. ಅಂಗಿಗೆ ಸೀಟಿ ಕಟ್ಟಿರಬೇಕು. ಇಲ್ಲದಿದ್ದರೆ ಪೇಟೆಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುವ ಪ್ಲಾಸ್ಟಿಕ್ ಸೀಟಿಯನ್ನು ನೀವೇ ದಾರ ಹಾಕಿ ಕಟ್ಟಿಕೊಳ್ಳಿ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಮಗುಚಿದ ಮೇಲೆ ಹತ್ತುವುದನ್ನು ಕಲಿಸುತ್ತಾರೆಯೇ? ಎದೆಮಟ್ಟದ ನೀರಿನಲ್ಲಿ ಐದು ನಿಮಿಷದ ಪಾಠ ಸಾಕು. ತಲೆಕೆಳಗಾದ ಕಯಾಕಿನ ಮೇಲೆ ಚಾಚಿ ಆಚೆಯ ಅಂಚು ಅಥವಾ ಪಟ್ಟಿ ಹಿಡಿದು ತನ್ನ ಕಡೆಗೆ ಎಳೆದು ನೆಟ್ಟಗೆ ಮಾಡುವುದು. ಕಾಲನ್ನು ಹಿಂದೆ ನೀರಿನ ಮೇಲ್ಮೈಗೆ ತಂದು ಜೋರಾಗಿ ಒದೆಯುತ್ತ ಹೊಟ್ಟೆಯನ್ನು ಆಸನದ ಮೇಲೆ ಅಡ್ಡ ಹಾಕುವುದು. ಉಸಿರು ತಿರುಗಿಸಿಕೊಂಡು ಅಂಗಾತ ಹೊರಳಿ ಕೂತು, ಆಮೇಲೆ ಕಾಲು ಒಳಗೆ. ಬಹಳ ಜನ ಸೋಲುವುದು ಕಾಲು ಕಯಾಕಿನ ಅಡಿಗೆ ಜೋಲುಬಿಟ್ಟು ಬರೀ ತೋಳಿನ ಬಲದಿಂದ ಹತ್ತಲು ಹೋಗುವುದರಿಂದ. ಕಯಾಕ್ ಮತ್ತೆ ಅವರ ಮೇಲೆಯೇ ಮಗುಚುತ್ತದೆ. ಈ ಪಾಠ ಕೊಡದೆ ನೀರಿಗೆ ತಳ್ಳುವ ಕಡೆ ಬಾಡಿಗೆ ಎಷ್ಟೇ ಕಡಿಮೆ ಇದ್ದರೂ ಬೇಡ. 'ಇವತ್ತು ಭರತ ಎಷ್ಟೊತ್ತಿಗೆ?' ಎಂಬ ಪ್ರಶ್ನೆಗೆ ಫೋನ್ ನೋಡದೆ ಉತ್ತರ ಕೊಡುವ ಹುಡುಗ ಇರುವ ಜಾಗ ಸಿಕ್ಕಿದರೆ ಹತ್ತು ಕಿ.ಮೀ. ಸುತ್ತಾದರೂ ಅಲ್ಲಿಗೇ ಹೋಗಿ. ಅಂಥವರು ಹೆಚ್ಚಾಗಿ ಮೀನುಗಾರರ ಮನೆಯ ಮಕ್ಕಳೇ ಆಗಿರುತ್ತಾರೆ. ಅವರ ಕೈಗೆ ಸರಿಯಾದ ಸಲಕರಣೆ ಸಿಕ್ಕರೆ ಈ ಸೇವೆಗೆ ಅರ್ಧ ಅಂಕ ಕೊಡುವ ಪ್ರಸಂಗವೇ ಬರುತ್ತಿರಲಿಲ್ಲ.

ದಾರಿ, ಗಂಗಾವಳಿ, ಗೋಕರ್ಣ

ಸುರಂಗ ದಾಟಿ ಬಿಣಗಾ, ಅರಗಾ, ಹಾರವಾಡದ ಮೇಲೆ ಅಂಕೋಲಾ. ಹಟ್ಟಿಕೇರಿಯಲ್ಲಿ ಟೋಲ್. ಚತುಷ್ಪಥದ ಓಟ ಚೆನ್ನಾಗಿದೆ. ಆದರೆ ಊರುಗಳ ಬಳಿ ಸರ್ವಿಸ್ ರಸ್ತೆ ಹಠಾತ್ತನೆ ಮುಗಿಯುತ್ತದೆ, ಎದುರು ದಿಕ್ಕಿನಿಂದ ಬೈಕುಗಳು ಬರುತ್ತವೆ. ಅಂಕೋಲಾ ದಾಟಿ ಶಿರೂರಿನ ಬಳಿ ಹೆದ್ದಾರಿಯ ಒಂದು ಬದಿ ಕಡಿದ ಗುಡ್ಡ, ಇನ್ನೊಂದು ಬದಿ ಗಂಗಾವಳಿ. 2024ರ ಜುಲೈ 16ರಂದು ಗುಡ್ಡ ಜಾರಿ ರಸ್ತೆಬದಿಯ ಅಂಗಡಿ, ಜನ, ಲಾರಿಗಳನ್ನು ಹೊಳೆಗೆ ತಳ್ಳಿದ್ದು ಇಲ್ಲೇ. ಮಳೆಗಾಲದಲ್ಲಿ ಈ ಭಾಗದಲ್ಲಿ ಚಹಾಕ್ಕೆಂದು ಗುಡ್ಡದ ಬುಡದಲ್ಲಿ ಕಾರು ನಿಲ್ಲಿಸಬಾರದು. ಗಂಗಾವಳಿಯ ಅಳಿವೆಯನ್ನು ಕಯಾಕಿಗೆ ಶಿಫಾರಸು ಮಾಡುವಂತಿಲ್ಲ. ಮರಳದಿಬ್ಬಗಳು ಜಾಗ ಬದಲಿಸುತ್ತಿರುತ್ತವೆ, ಇಳಿಯಲು ಅನುಕೂಲದ ಕಟ್ಟೆಯೂ ಕಡಿಮೆ.

ಗೋಕರ್ಣ ಬೇರೆಯೇ ಲೋಕ. ಕುಡ್ಲೆಯಿಂದ ಓಂ, ಹಾಫ್ ಮೂನ್ ದಾಟಿ ಪ್ಯಾರಡೈಸ್ ತನಕ ನೀರಿನ ಮೇಲೆ ಸುಮಾರು ನಾಲ್ಕು ಕಿ.ಮೀ. ನೋಟಕ್ಕೆ ಇಡೀ ಪ್ರವಾಸದಲ್ಲಿ ಇದಕ್ಕೆ ಸಮ ಇಲ್ಲ. ಬೆಳಿಗ್ಗೆ ಡಾಲ್ಫಿನ್‌ಗಳು ಕಾಣುವ ನೀರೂ ಇದೇ. ಅವುಗಳ ಬೆನ್ನು ಹತ್ತದೆ ಹುಟ್ಟು ಮಡಿಲಲ್ಲಿಟ್ಟು ಕೂತರೆ ಅವೇ ಹತ್ತಿರ ಬಂದು ಹೋಗುವುದುಂಟು. ಆದರೆ ಇದು ಹೊಸಬರ ನೀರಲ್ಲ. ಎರಡು ಬೀಚುಗಳ ನಡುವೆ ಬಂಡೆಯ ಮೂಗುಗಳಿವೆ. ಬಂದ ತೆರೆ ಬಂಡೆಗೆ ಬಡಿದು ಹಿಂದಿರುಗಿ ಮುಂದಿನ ತೆರೆಗೆ ಡಿಕ್ಕಿ ಹೊಡೆಯುತ್ತದೆ, ನೀರು ದಿಕ್ಕಿಲ್ಲದೆ ಮೇಲೆ ಕೆಳಗೆ ಕುಪ್ಪಳಿಸುತ್ತದೆ. ಫೋಟೋಕ್ಕೆಂದು ಬಂಡೆಯ ಸಮೀಪ ಹೋದಷ್ಟೂ ಇದು ಹೆಚ್ಚು. 50 ಮೀಟರ್ ಹೊರಗಿನಿಂದ ಸುತ್ತಿದರೆ ಅದೇ ಮೂಗು ಸಲೀಸು. ಬಂಡೆಗಳ ಮೇಲೆ ಕಲ್ವದ ಚಿಪ್ಪು ಬ್ಲೇಡಿನಂತೆ ಕೂತಿರುತ್ತದೆ, ಗಾಳಿ ತುಂಬುವ ಕಯಾಕ್ ತಂದವರಿಗೆ ಇಲ್ಲಿ ಒಂದು ತಾಗು ಸಾಕು. ಅಂಥ ಕಯಾಕನ್ನು ಬಿಸಿಲಿನಲ್ಲಿ ಮರಳ ಮೇಲೆ ಬಿಟ್ಟು ಊಟಕ್ಕೆ ಹೋಗುವುದಾದರೆ ಸ್ವಲ್ಪ ಗಾಳಿ ಬಿಟ್ಟು ಹೋಗಿ. ಬಿಸಿಗೆ ಗಾಳಿ ಹಿಗ್ಗಿ ಹೊಲಿಗೆ ಬಿಡುತ್ತದೆ.

ತೆರೆಯಲ್ಲಿ ದಡ ಮುಟ್ಟುವಾಗ ಮಗುಚುವವರೇ ಹೆಚ್ಚು. ಕಯಾಕ್ ತೆರೆಗೆ ಅಡ್ಡ ತಿರುಗಿದ ಕ್ಷಣವೇ ಅಪಾಯ. ತೆರೆ ಒಡೆಯುವ ಸಾಲಿನ ಹೊರಗೆ ನಿಂತು ಎಣಿಸಿ. ದೊಡ್ಡ ತೆರೆಗಳು ಗುಂಪಾಗಿ ಬಂದು ಹೋದ ಮೇಲೆ ಸ್ವಲ್ಪ ಹೊತ್ತು ಬಿಡುವು ಸಿಗುತ್ತದೆ, ಆಗ ಒಂದು ತೆರೆಯ ಬೆನ್ನ ಹಿಂದೆ ಜೋರಾಗಿ ಬನ್ನಿ. ಇಳಿಯುವಾಗ ಕಡಲಿನ ಬದಿಗೆ ಇಳಿಯಿರಿ. ಕಯಾಕ್ ನಿಮ್ಮ ಮತ್ತು ದಡದ ನಡುವೆ ಇದ್ದರೆ ತೆರೆ ಅದನ್ನು ದೂರ ಒಯ್ಯುತ್ತದೆ ನಿಜ, ಆದರೆ ನೀವು ಎರಡನೆಯ ತೆರೆಗೆ ಬೆನ್ನು ಕೊಟ್ಟಿರುತ್ತೀರಿ. ಕಯಾಕಿನ ಹಿಂಬದಿಯಿಂದ ಇಳಿದು ತುದಿಯ ಹಿಡಿ ಹಿಡಿದು, ಅದನ್ನು ನೇರವಾಗಿಟ್ಟು ತಳ್ಳಿಕೊಂಡು ಬರುವುದೇ ವಾಸಿ. ಕಯಾಕ್ ಮತ್ತು ದಡದ ನಡುವೆ ಮಾತ್ರ ಎಂದೂ ನಿಲ್ಲಬೇಡಿ, ನೀರು ಸೇರಿದ ಕಯಾಕ್ ಮೊಣಕಾಲಿಗೆ ಬಡಿದರೆ ಮೂಳೆ ಮುರಿಯುತ್ತದೆ. ದಂಡೆಯಲ್ಲಿ ರಂಪಣಿ ಬಲೆ ಎಳೆಯುತ್ತಿದ್ದರೆ ತೇಲುಬುರುಡೆಗಳ ಅರ್ಧಚಂದ್ರದ ಹೊರಗಿನಿಂದಲೇ ಸುತ್ತಬೇಕು. ಅದರ ಒಳಗೆ ಒಂದು ಊರಿನ ಅಂದಿನ ದುಡಿಮೆ ಇರುತ್ತದೆ.

ಅಘನಾಶಿನಿ

ಈ ಪ್ರವಾಸದ ತಿರುಳು ಇಲ್ಲಿದೆ. ಶಿರಸಿಯ ಕಡೆ ಹುಟ್ಟಿ ತದಡಿಯ ಬಳಿ ಕಡಲು ಸೇರುವ ಅಘನಾಶಿನಿಗೆ ಒಂದೂ ಅಣೆಕಟ್ಟು ಇಲ್ಲ. ಹೀಗಾಗಿ ಇಲ್ಲಿನ ನೀರು ಮಳೆ ಮತ್ತು ಕಡಲು ಎರಡರ ಮಾತು ಮಾತ್ರ ಕೇಳುತ್ತದೆ. ಅದರ ಅಳಿವೆ ಪ್ರದೇಶ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಕಾಂಡ್ಲಾ ಕಾಡು, ಕಗ್ಗ ಭತ್ತ ಬೆಳೆಯುವ ಗಜನಿ ಎಂಬ ಉಪ್ಪುನೀರಿನ ಗದ್ದೆಗಳು, ಸಾಣಿಕಟ್ಟೆಯ ಉಪ್ಪಿನ ಆಗರ, ಇಳಿತದಲ್ಲಿ ಬಯಲಾಗುವ ಕೆಸರ ಬಯಲು, ಅಲ್ಲಿ ಬೆಳಚು (ಚಿಪ್ಪುಮೀನು) ಆರಿಸುವ ಜನ. ಕಯಾಕ್ ಬಿಟ್ಟು ಬೇರಾವುದರಲ್ಲೂ ಈ ಒಳನೀರಿಗೆ ಸದ್ದಿಲ್ಲದೆ ಹೋಗಲಾಗದು. ಯಂತ್ರದೋಣಿ ಬಂದರೆ ಹಕ್ಕಿ ಹಾರುತ್ತದೆ, ಹುಟ್ಟಿನ ಸದ್ದಿಗೆ ಕೊಕ್ಕರೆ ಕತ್ತು ತಿರುಗಿಸಿ ನೋಡಿ ಮತ್ತೆ ಮೀನಿನತ್ತ ಗಮನ ಕೊಡುತ್ತದೆ.

ಭರತದ ತುದಿಗೆ ಎರಡು ತಾಸು ಮೊದಲು ಇಳಿದು, ತುದಿಯ ನಂತರ ಒಂದು ತಾಸಿನೊಳಗೆ ದಡ ಸೇರುವುದು ಇಲ್ಲಿಯ ನಿಯಮ. ಒಟ್ಟು ಮೂರು ತಾಸು. ಅದನ್ನು ಮೀರಿ ಕಿರುಗಾಲುವೆಯೊಳಗೆ ಉಳಿದರೆ ಏನಾಗುತ್ತದೆಂದರೆ, ಮೊದಲು ಹುಟ್ಟಿನ ತುದಿಗೆ ಕೆಸರು ತಾಗುತ್ತದೆ. ಅದೇ ಎಚ್ಚರಿಕೆಯ ಗಂಟೆ, ಕೂಡಲೇ ಮುಖ್ಯ ಹರಿವಿನತ್ತ ತಿರುಗಬೇಕು. ಇನ್ನೂ ಸ್ವಲ್ಪ ಮುಂದೆ ನೋಡೋಣ ಎಂದವರಿಗೆ ಇಪ್ಪತ್ತು ನಿಮಿಷದಲ್ಲಿ ಕಾಲುವೆ ಮುಚ್ಚಿಕೊಳ್ಳುತ್ತದೆ. ಸಿಕ್ಕಿಕೊಂಡಾಗ ಕೆಳಗಿಳಿದು ತಳ್ಳಲು ಹೋಗಬೇಡಿ. ಕೆಸರು ಮೊಣಕಾಲು ದಾಟುತ್ತದೆ, ಅದರೊಳಗೆ ಹಳೆಯ ಕಲ್ವ, ಬೆಳಚಿನ ಚಿಪ್ಪುಗಳು ಕತ್ತಿಯಂತಿರುತ್ತವೆ. ಕೂತಲ್ಲಿಂದಲೇ ಎರಡು ಬದಿಗೂ ಹುಟ್ಟು ಊರಿ, ಮೈಯನ್ನು ಮುಂದಕ್ಕೆ ಝಾಡಿಸುತ್ತ ಜಾರಿಸಿಕೊಂಡು ನೀರಿದ್ದಲ್ಲಿಗೆ ಬರಬೇಕು. ಆಗದಿದ್ದರೆ ನೆರಳು ಮಾಡಿಕೊಂಡು ಮುಂದಿನ ಭರತಕ್ಕೆ ಕಾಯುವುದೇ ದಾರಿ. ಒಬ್ಬೊಬ್ಬರಿಗೆ ಎರಡು ಲೀಟರ್ ಕುಡಿಯುವ ನೀರು ಒಯ್ಯಿರಿ ಎನ್ನುವುದು ಇದಕ್ಕೆ. ಕಾಲಿಗೆ ಬೆರಳು ಮುಚ್ಚುವ, ಹಿಮ್ಮಡಿಗೆ ಬಿಗಿಯಾಗುವ ಚಪ್ಪಲಿ ಅಥವಾ ಹಳೆಯ ಕ್ಯಾನ್ವಾಸ್ ಬೂಟು ಇರಲಿ. ಹವಾಯಿ ಚಪ್ಪಲಿಯನ್ನು ಕೆಸರು ಮೊದಲ ಹೆಜ್ಜೆಗೇ ಇಟ್ಟುಕೊಳ್ಳುತ್ತದೆ. ಮರಳಿನ ಕಡೆ ಇಳಿಯುವಾಗ ಪಾದ ಎತ್ತಿಡದೆ ಉಜ್ಜುತ್ತ ನಡೆದರೆ ಅಡಗಿ ಕೂತ ತೊರಕೆ (ಬಾಲದಲ್ಲಿ ಮುಳ್ಳಿರುವ ಮೀನು) ಸರಿದುಹೋಗುತ್ತದೆ, ಮುಳ್ಳಿನ ಮೇಲೆ ಕಾಲಿಡುವ ಪ್ರಸಂಗ ತಪ್ಪುತ್ತದೆ.

ಅಳಿವೆಯ ಬಾಯಿಗೆ, ತದಡಿಯ ಆಚೆಗೆ, ಇಳಿತದ ಹೊತ್ತಿಗೆ ಹೋಗಬಾರದು. ಹೊರಗೋಡುವ ಹೊಳೆ ಒಳಬರುವ ತೆರೆಗೆ ಎದುರಾದಾಗ ತೆರೆಯ ಉದ್ದ ಕುಗ್ಗಿ ಎತ್ತರ ಏರುತ್ತದೆ, ಗೋಡೆಯಂತೆ ಕಡಿದಾಗಿ ನಿಲ್ಲುತ್ತದೆ. ಮೀನುಗಾರಿಕಾ ದೋಣಿಗಳೂ ಅದೇ ಬಾಯಿಯಿಂದ ಬಂದರಿಗೆ ಬರುತ್ತವೆ, ತಗ್ಗಾಗಿ ಕೂತ ಕಯಾಕ್ ಚುಕ್ಕಾಣಿ ಹಿಡಿದವರಿಗೆ ಕಾಣುವುದಿಲ್ಲ. ಕಿತ್ತಳೆ ಅಥವಾ ಹಳದಿ ಬಣ್ಣದ ಅಂಗಿ ಹಾಕುವುದು ಇದಕ್ಕಾಗಿ.

ತದಡಿಯಿಂದ ಅಘನಾಶಿನಿ ಊರಿಗೆ ಜನರನ್ನೂ ಬೈಕನ್ನೂ ದಾಟಿಸುವ ದೋಣಿ ಇದೆ. ಕಾರಿನವರು ಮಿರ್ಜಾನದ ಮೇಲೆ ಸುತ್ತಿಬರಬೇಕು. ಸುತ್ತಾದರೂ ನಷ್ಟವಿಲ್ಲ, ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡ ಮಿರ್ಜಾನ ಕೋಟೆ ದಾರಿಯಲ್ಲೇ ಇದೆ. ಕೆಂಪುಗಲ್ಲಿನ ಗೋಡೆಯ ನೆರಳಿನಲ್ಲಿ ಮಧ್ಯಾಹ್ನದ ಬಿಸಿಲು ಕಳೆಯಬಹುದು. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟಲು ಸುಮಾರು 60 ಕಿ.ಮೀ. ಅಗಲೀಕರಣದ ಕೆಲಸದಿಂದ ಆ ರಸ್ತೆ ಆಗಾಗ ಬಂದ್ ಆಗಿದೆ, ಹೊರಡುವ ದಿನ ಕುಮಟಾದಲ್ಲೋ ಶಿರಸಿಯಲ್ಲೋ ವಿಚಾರಿಸಿಯೇ ಘಟ್ಟ ಹಿಡಿಯಿರಿ.

ಏಪ್ರಿಲ್, ಮೇ ತಿಂಗಳಾದರೆ ಕುಮಟಾದ ಅಳ್ವೆಕೋಡಿ, ಹಂದಿಗೋಣದ ಬಳಿ ಹೆದ್ದಾರಿಯ ಬದಿಗೆ ಸಿಹಿ ಈರುಳ್ಳಿಯ ಜಡೆಗಳು ತೂಗುತ್ತಿರುತ್ತವೆ. ಅದೇ ಹೊತ್ತಿಗೆ ಅಂಕೋಲೆಯಲ್ಲಿ ಕರಿ ಇಶಾಡ ಮಾವು. ಊಟದ ವಿಷಯದಲ್ಲಿ ಒಂದೇ ಸಲಹೆ: ನೀರಿಗಿಳಿಯುವ ಮುಂಚೆ ಗಂಜಿ, ಬಾಳೆಹಣ್ಣಿನಂಥ ಹಗುರದ್ದು, ನೊಗಲಿ ಮೀನಿನ ಫ್ರೈ, ಬೆಳಚಿನ ಸುಕ್ಕ, ಸೋಲ್ ಕಡಿ ಎಲ್ಲ ದಡಕ್ಕೆ ಬಂದ ಮೇಲೆ.

ಹೊನ್ನಾವರ

ಎಂದೂ ಹುಟ್ಟು ಹಿಡಿಯದವರು, ಮಕ್ಕಳು, ವಯಸ್ಸಾದವರು ಇದ್ದರೆ ಪ್ರವಾಸವನ್ನು ಇಲ್ಲಿಂದಲೇ ಶುರುಮಾಡಿ ಉತ್ತರಕ್ಕೆ ಹೋಗುವುದು ಮೇಲು. ಶರಾವತಿಯ ಹಿನ್ನೀರು ಅಗಲ, ಕುರ್ವೆಗಳ (ಹೊಳೆಯ ನಡುಗಡ್ಡೆಗಳ) ನಡುವಿನ ಹರಿವುಗಳಲ್ಲಿ ಗಾಳಿ ತಾಗದು, ಕಾಸರಕೋಡಿನ ಕಾಂಡ್ಲಾ ಕಾಡಿನಲ್ಲಿ ಮರದ ಕಾಲುಹಾದಿಯೂ ಇರುವುದರಿಂದ ನೀರಿಗಿಳಿಯದವರೂ ಬೇಸರಪಡುವುದಿಲ್ಲ. ಪ್ರವಾಸಿ ದೋಣಿಗಳ ಓಡಾಟ ಇಲ್ಲಿ ಹೆಚ್ಚು, ಅವು ಎಬ್ಬಿಸುವ ಅಲೆ ಬಂದಾಗ ಮೂತಿಯನ್ನು ಅಲೆಗೆ ಎದುರು ತಿರುಗಿಸಿದರೆ ಸಾಕು. ಕೊಂಕಣ ರೈಲಿನ ಅತಿ ಉದ್ದದ ಸೇತುವೆ, ಎರಡು ಕಿ.ಮೀ.ಗೂ ತುಸು ಹೆಚ್ಚು, ಇದೇ ಹೊಳೆಯ ಮೇಲಿದೆ. ಅದರ ಅಡಿಯಲ್ಲಿ ತೇಲುತ್ತಿರುವಾಗ ಮೇಲೆ ರೈಲು ಹೋದರೆ ನೀರೇ ಗುಡುಗಿದ ಹಾಗಾಗುತ್ತದೆ.

ಅಘನಾಶಿನಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಮೇಲೆ ಲಿಂಗನಮಕ್ಕಿ ಅಣೆಕಟ್ಟು, ಕೆಳಗೆ ಗೇರುಸೊಪ್ಪೆಯದು. ವಿದ್ಯುತ್ ಉತ್ಪಾದನೆಗೆ ಬಿಟ್ಟ ನೀರು ಬೇಸಿಗೆಯಲ್ಲೂ ಹೊಳೆಗೆ ಬರುತ್ತದೆ. ಇಳಿತದ ಹೊತ್ತಿಗೆ ಆ ನೀರೂ ಸೇರಿದರೆ ಪಟ್ಟಿಯಲ್ಲಿ ಕಾಣುವುದಕ್ಕಿಂತ ಸೆಳೆತ ಜೋರು. ಇಳಿಯುವ ಮುಂಚೆ ಒಂದು ಒಣಗಿದ ತೆಂಗಿನ ಸಿಪ್ಪೆಯನ್ನು ನೀರಿಗೆ ಎಸೆದು ನೋಡಿ. ಒಂದು ನಿಮಿಷದಲ್ಲಿ ಅದು 50 ಮೀಟರ್ ಹೋದರೆ ಸೆಳೆತ ತಾಸಿಗೆ ಮೂರು ಕಿ.ಮೀ. ಎಂದರ್ಥ, ಹೊಸಬರು ಆ ಹೊತ್ತಿಗೆ ಇಳಿಯಬಾರದು. ಅಳಿವೆಯ ಬಾಯಿಯ ಮರಳದಿಬ್ಬದ ಕಡೆಗಂತೂ ಮೀನುಗಾರರೇ ಹೊತ್ತು ನೋಡಿ ಹೋಗುತ್ತಾರೆ. ಕಡಲಲ್ಲಿ ಕಾಲು ತೋಯಿಸಲು ಸ್ವಚ್ಛ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆಯನ್ನು 2020ರಲ್ಲಿ ಪಡೆದ ಕಾಸರಕೋಡ ಬೀಚ್ ಹತ್ತಿರದಲ್ಲೇ ಇದೆ. ಶೌಚಾಲಯ, ಸ್ನಾನದ ವ್ಯವಸ್ಥೆ ಇರುವುದರಿಂದ ಉಪ್ಪು ತೊಳೆದುಕೊಂಡು ಊರಿಗೆ ಹೊರಡಲು ಅನುಕೂಲ. ಮುರ್ಡೇಶ್ವರ ಇನ್ನೂ 27 ಕಿ.ಮೀ. ಮುಂದೆ. ನೇತ್ರಾಣಿ ದ್ವೀಪ ದಡದಿಂದ ಸುಮಾರು 19 ಕಿ.ಮೀ. ದೂರದ ತೆರೆದ ಕಡಲಿನಲ್ಲಿದೆ, ಅದು ಸ್ಕೂಬಾದವರ ಜಾಗ, ಕಯಾಕಿನದಲ್ಲ.

ಸ್ವಂತ ಕಯಾಕ್ ತರುವವರಿಗೆ ಎರಡು ಮಾತು. ಕಾರಿನ ಮಾಡಿನ ಭಾರದ ಮಿತಿ ಎಷ್ಟೆಂದು ಕೈಪಿಡಿಯಲ್ಲಿ ನೋಡಿ, ಸಣ್ಣ ಕಾರುಗಳಲ್ಲಿ ಅದು ಸಾಮಾನ್ಯವಾಗಿ 50 ಕಿಲೋ ಆಸುಪಾಸು, ಅದರಲ್ಲಿ ಅಡ್ಡಪಟ್ಟಿಗಳ ತೂಕವೂ ಸೇರಿತು. ಕಯಾಕನ್ನು ಬೋರಲಾಗಿ ಇಟ್ಟು ಕೈಯಿಂದ ಎಳೆದು ಬಿಗಿಯುವ ಪಟ್ಟಿ ಎರಡು ಹಾಕಿ, ಮೂತಿ ಮತ್ತು ಬಾಲವನ್ನು ಬಂಪರಿನ ಕೊಂಡಿಗೆ ಹಗ್ಗದಿಂದ ಕಟ್ಟಿ. ಲಾರಿಗೆ ಹಾಕುವ ತಿರುಗುಳಿ ಪಟ್ಟಿಯಲ್ಲಿ ಬಿಗಿದರೆ ಬಿಸಿಲಿಗೆ ಮೆತ್ತಗಾದ ಪ್ಲಾಸ್ಟಿಕ್ ತಳ ತಗ್ಗುಬೀಳುತ್ತದೆ, ಆಮೇಲೆ ಕಯಾಕ್ ಒಂದೇ ಕಡೆಗೆ ಎಳೆಯುತ್ತದೆ. ಪಟ್ಟಿಗೆ ಒಂದು ತಿರುಚು ಕೊಟ್ಟರೆ ಗಾಳಿಗೆ ಗುಂಯ್‌ಗುಡುವುದಿಲ್ಲ. ಕಾಳಿ, ಶರಾವತಿಯ ಸೇತುವೆಗಳ ಮೇಲೆ ಮಧ್ಯಾಹ್ನದ ಅಡ್ಡಗಾಳಿಗೆ 60ರ ವೇಗ ಸಾಕು. ಹತ್ತು ಕಿ.ಮೀ. ಹೋದ ಮೇಲೆ ಒಮ್ಮೆ ನಿಲ್ಲಿಸಿ ಪಟ್ಟಿ ಮುಟ್ಟಿ ನೋಡಿ, ಮೊದಲ ಸಡಿಲಿಕೆ ಅಲ್ಲೇ ಆಗುತ್ತದೆ.

ಫೋನಿನಲ್ಲಿ 112 ಮತ್ತು ಕರಾವಳಿ ಕಾವಲು ಪಡೆಯ 1554 ಉಳಿಸಿಕೊಂಡು, ಫೋನನ್ನು ನೀರು ಹೊಗದ ಚೀಲದಲ್ಲಿ ಹಾಕಿ ಅಂಗಿಗೇ ಕಟ್ಟಿಕೊಳ್ಳಿ. ಕಯಾಕಿಗೆ ಕಟ್ಟಿದ ಫೋನ್ ಕಯಾಕ್ ತೇಲಿಹೋದಾಗ ಅದರ ಜೊತೆಗೇ ಹೋಗುತ್ತದೆ. ಹೊರಡುವಾಗ ದಡದಲ್ಲಿ ಒಬ್ಬರಿಗೆ, ಚಹಾದಂಗಡಿಯವರಾದರೂ ಸರಿ, ಎಷ್ಟು ಜನ, ಯಾವ ಕಡೆ, ಎಷ್ಟೊತ್ತಿಗೆ ವಾಪಸ್ ಎಂದು ಹೇಳಿ ಹೋಗಿ. ಮರಳಿ ಬಂದ ಮೇಲೆ ಅವರಿಗೇ ಮೊದಲು ತಿಳಿಸಿ.